ಜೇನಂಟಿನಿಂದ ಹಿಮ್ಮಡಿಗೆ ಮುಲಾಮು

ಜೇನುಪೆಟ್ಟಿಗೆಯ ಮುಚ್ಚಳ ಎತ್ತುವಾಗ ‘ಚಟ್’ ಎಂದು ಸದ್ದಾಗುವುದು, ಚೌಕಟ್ಟು ಬಿಡಿಸಲು ಉಳಿ ಬೇಕಾಗುವುದು ಪ್ರೊಪೋಲಿಸ್ ಎಂಬ ಜೇನಂಟಿನ ದೆಸೆಯಿಂದ. ಮರಗಿಡಗಳ ಮೊಗ್ಗು, ತೊಗಟೆಯಲ್ಲಿ ಒಸರುವ ಅಂಟನ್ನು ಹುಳುಗಳು ಹಿಂಗಾಲಿನಲ್ಲಿ ಹೊತ್ತು ತಂದು, ಮೇಣ ಬೆರೆಸಿ ಸಂದುಗಳಿಗೆ ಮೆತ್ತುತ್ತವೆ. ಗೂಡಿಗೆ ನುಗ್ಗಿ ಸತ್ತ ಇಲಿಯನ್ನು ಹೊರಗೆಳೆಯಲು ಆಗದಿದ್ದರೆ ಅದಕ್ಕೂ ಇದನ್ನೇ ಬಳಿದುಬಿಡುತ್ತವೆ; ಹೆಣ ಕೊಳೆತು ನಾರುವುದಿಲ್ಲ. ರೋಗಾಣು ತಡೆಯುವ ಗುಣ ಪ್ರಯೋಗಾಲಯದಲ್ಲೂ ಕಂಡಿದೆ. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದೆಲ್ಲ ಮೈಯಲ್ಲೂ ಆಗಬೇಕೆಂದಿಲ್ಲ. ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್‌ವರೆಗೆ ಸಕಲಕ್ಕೂ ಮದ್ದು ಎನ್ನುವ ಬಾಟಲಿಗಳನ್ನು ನಾನಂತೂ ನಂಬುವುದಿಲ್ಲ. ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮು ಸಾಕೆಂದರೆ, ಅದನ್ನು ಮನೆಯಲ್ಲೇ ಮಾಡಬಹುದು.

ಅಂಟು ಎಲ್ಲಿಂದ?

ಮಲೆನಾಡು, ಕರಾವಳಿಯ ತುಡುವೆ ಎಂಬ ನಾಡಜೇನಿನ ಪೆಟ್ಟಿಗೆ ಕೆರೆದು ಪ್ರಯೋಜನವಿಲ್ಲ. ತುಡುವೆ ಈ ಅಂಟು ಕೂಡಿಸುವ ಜಾತಿಯಲ್ಲ, ಸಿಗುವುದು ಮೇಣವಷ್ಟೆ. ಮುಜಂಟಿ, ಮಿಸ್ರಿ ಎಂದೆಲ್ಲ ಕರೆಯುವ ಕೊಂಡಿಯಿಲ್ಲದ ಹುಳುವಿನ ಗೂಡಿನಲ್ಲಿ ಅಂಟು ಧಾರಾಳ. ಅದರ ಮನೆಯೇ ಅಂಟು-ಮೇಣದ್ದು, ಆಸೆಪಟ್ಟು ಕೀಳಬೇಡಿ. ಮೆಲ್ಲಿಫೆರಾ ಎಂಬ ಯುರೋಪಿನ ಜೇನುಹುಳು ಸಾಕುವವರನ್ನು ಕೇಳುವುದೇ ಸರಿ. ಪೆಟ್ಟಿಗೆಗೆ ನುಸಿ ಔಷಧ ಹಾಕಿದ್ದರೆ, ಒಳಗೆ ಬಣ್ಣ ಬಳಿದಿದ್ದರೆ ಆ ಅಂಟು ಬೇಡ.

ಮಾಡುವ ಬಗೆ

ಬೆಳಗಿನ ತಂಪಿನಲ್ಲಿ ಕೆರೆಯಿರಿ. ಬಿಸಿಲೇರಿದರೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಗಾಜಿನಂತೆ ಪೆಡಸಾಗುತ್ತದೆ; ಕೂಡಲೇ ಬಟ್ಟೆಯಲ್ಲಿ ಸುತ್ತಿ ಕುಟ್ಟಿ. ಪುಡಿಯನ್ನು ತಣ್ಣೀರಿಗೆ ಹಾಕಿ ಕಲಕಿದರೆ ಮೇಣ, ಮರದ ಚೂರು, ಹುಳುವಿನ ರೆಕ್ಕೆ ತೇಲುತ್ತವೆ, ಅಂಟು ತಳಕ್ಕಿಳಿಯುತ್ತದೆ. ತೇಲಿದ್ದನ್ನು ಚೆಲ್ಲಿ, ತಳದ್ದನ್ನು ನೆರಳಿನಲ್ಲಿ ಪೂರಾ ಒಣಗಿಸಿ. ಬೇಸರದ ಕೆಲಸ, ಆದರೂ ಇಲ್ಲಿ ಅವಸರ ಮಾಡಬೇಡಿ: ಹಸಿ ಉಳಿದರೆ ಮುಲಾಮು ಕೆಡುತ್ತದೆ.

10 ಗ್ರಾಂ ಪುಡಿಗೆ 100 ಮಿಲಿ ಕೊಬ್ಬರಿ ಎಣ್ಣೆ. ಎರಡನ್ನೂ ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕೈಯಾಡಿಸಿ. ನೀರು ಕುದಿಯಬಾರದು, ಎಣ್ಣೆಗೆ ನೇರ ಉರಿ ತಗಲಬಾರದು. ಎಣ್ಣೆ ಹೊಂಬಣ್ಣಕ್ಕೆ ತಿರುಗಿ ಘಮ ಬಂದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಗಷ್ಟು ಉಳಿದೇ ಉಳಿಯುತ್ತದೆ. ಎಣ್ಣೆಯಲ್ಲಿ ಈ ಅಂಟು ಅರೆಬರೆ ಕರಗುವುದು, ಆಲ್ಕೋಹಾಲಿನಲ್ಲಿ ಚೆನ್ನಾಗಿ. ಹಾಗೆಂದು ಪಾಲಿಶ್ ಸ್ಪಿರಿಟ್ಟಿನಲ್ಲಿ ನೆನೆಹಾಕುವ ಸಾಹಸ ಬೇಡ, ಅದು ವಿಷ. ಸೋಸಿದ ಎಣ್ಣೆಗೆ 15–20 ಗ್ರಾಂ ಜೇನುಮೇಣ ಕರಗಿಸಿ, ಒಣ ಡಬ್ಬಿಗೆ ಸುರಿದು ಆರಲು ಬಿಡಿ.

ಹಚ್ಚುವ ಮುನ್ನ

ಮುಂಗೈಯ ಒಳಬದಿಗೆ ಚೂರು ಸವರಿ ಎರಡು ದಿನ ಕಾಯಿರಿ. ಪ್ರೊಪೋಲಿಸ್ ಅಲರ್ಜಿ ಅಪರೂಪವಲ್ಲ, ಜೇನು ಸಾಕುವವರ ಕೈಗೇ ತುರಿಕಜ್ಜಿ ಏಳುವುದುಂಟು. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಜೇನುಹುಳು ಕಡಿದಾಗ ಮೈ ಊದಿಕೊಳ್ಳುವವರು, ಆಸ್ತಮಾ ಇರುವವರು ಮುಟ್ಟದಿರುವುದು ಕ್ಷೇಮ. ತುಟಿಗೆ, ಆಳದ ಗಾಯಕ್ಕೆ, ಮಕ್ಕಳ ಮೈಗೆ ಬೇಡ. ಸಕ್ಕರೆ ಕಾಯಿಲೆಯವರ ಹಿಮ್ಮಡಿ ಬಿರಿದರೆ ಮನೆಮದ್ದು ಹುಡುಕದೆ ವೈದ್ಯರಿಗೆ ತೋರಿಸಿ.

ಉಳಿದವರು ರಾತ್ರಿ ಕಾಲು ತೊಳೆದು ಒರೆಸಿ, ಹಚ್ಚಿ, ಕಾಲುಚೀಲ ಹಾಕಿಕೊಂಡು ಮಲಗಿದರಾಯಿತು. ಚರ್ಮ ಮೆತ್ತಗಾದರೆ ಅದರಲ್ಲಿ ಎಣ್ಣೆಯ, ಮೇಣದ ಪಾಲೂ ದೊಡ್ಡದೇ. ಎಲ್ಲ ಕೀರ್ತಿಯನ್ನೂ ಪ್ರೊಪೋಲಿಸ್‌ಗೇ ಕೊಡಬೇಕಿಲ್ಲ.

ಅಂದಹಾಗೆ, ಬಟ್ಟಲಿಗೆ ಅಂಟಿದ ಜಿಗುಟು ಸೋಪಿಗೆ ಜಗ್ಗದು. ಒಲೆಯಿಂದ ದೂರ ಒಯ್ದು, ಕೈಗೆ ಹಾಕುವ ಸ್ಯಾನಿಟೈಸರ್‌ನಲ್ಲಿ ಒರೆಸಿ.