ಗುಜರಿ ಉಕ್ಕಿನ ಡೈನೊ: ಆರ್‌ಎಕ್ಸ್ 100 ಪವರ್ ಅಳೆದ ನನ್ನ ಅನುಭವ

ಬೈಕಿಗೆ ಪೋರ್ಟಿಂಗ್ (ಪವರ್ ಏರಲಿ ಅಂತ ಸಿಲಿಂಡರಿನ ಗಾಳಿ-ಹೊಗೆ ದಾರಿ ಕೊರೆದು ತಿದ್ದುವುದು) ಮಾಡಿಕೊಟ್ಟ ಮೇಲೆ ಎಲ್ಲರದ್ದೂ ಒಂದೇ ಮಾತು: "ಪಿಕಪ್ ಸಖತ್ತಾಗಿದೆ ಗುರು." ಎಷ್ಟು ಜಾಸ್ತಿಯಾಯಿತು ಅಂದರೆ ಉತ್ತರ ಇಲ್ಲ. ಮೈಸೂರಿಂದ ಬೆಂಗಳೂರಿಗೆ ಟೆಂಪೊದಲ್ಲಿ ಬೈಕ್ ಹಾಕಿಕೊಂಡು ಹೋಗಿ ಡೈನೊ, ಅಂದರೆ ಪವರ್ ಅಳೆಯುವ ಯಂತ್ರದ ಮೇಲೆ ಹತ್ತಿಸಿದರೆ ಬಾಡಿಗೆ ಸೇರಿ ನಾಲ್ಕೈದು ಸಾವಿರ ಹೋಗುತ್ತದೆ. ಕಾರ್ಬ್ಯುರೇಟರಿನ ಪೆಟ್ರೋಲ್ ಜೆಟ್ ಬದಲಿಸಿದಾಗಲೆಲ್ಲ ಅಲ್ಲಿಗೆ ಓಡುವುದಕ್ಕೆ ಆಗುತ್ತದಾ? ನಾನೇ ಒಂದು ಡೈನೊ ಮಾಡುತ್ತೇನೆ ಅಂದಾಗ ಲೇತ್ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಈಗ ಅವರೇ ಬೈಕ್ ತಂದು ಸಾಲು ನಿಲ್ಲುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಬ್ರೇಕ್ ಡೈನೊ: ಬ್ರೇಕ್ ಹಿಡಿದು ಎಂಜಿನ್ ಎಷ್ಟು ಬಲವಾಗಿ ತಳ್ಳುತ್ತದೆ ಅಂತ ತೂಗುವುದು. ಲಾರಿಯ ಬ್ರೇಕ್ ಡ್ರಮ್, ಒಂದು ಮೀಟರ್ ತೋಳು, ತುದಿಗೆ ತೂಕದ ಸ್ಕೇಲ್. ಲೆಕ್ಕ ಸುಲಭ, ಆದರೆ ಐದಾರು ಕಿಲೋವ್ಯಾಟ್ ಶಾಖ ಎಲ್ಲಿಗೆ ಹೋಗಬೇಕು? ಅರ್ಧ ನಿಮಿಷಕ್ಕೆ ಲೈನರ್ ಸುಟ್ಟ ವಾಸನೆ. ಸ್ಕೇಲಿನ ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ. ಸುಮಾರು ಹನ್ನೆರಡು ಸಾವಿರ ಅಲ್ಲಿಗೆ ಕರಗಿತು.

ಆಮೇಲೆ ಇನರ್ಷಿಯಾ ಡೈನೊಗೆ ಕೈ ಹಾಕಿದೆ. ಇದರಲ್ಲಿ ಹಿಂದಿನ ಚಕ್ರ ಒಂದು ಭಾರದ ಉರುಳೆಯನ್ನು ತಿರುಗಿಸುತ್ತದೆ, ಅದು ಎಷ್ಟು ಬೇಗ ವೇಗ ಹಿಡಿಯಿತು ಅನ್ನುವುದರಿಂದ ಪವರ್ ಲೆಕ್ಕ. ಮಂಡ್ಯ ಕಡೆ ಮುಚ್ಚಿದ ಆಲೆಮನೆಯೊಂದರಿಂದ ಗಾಣದ ರೋಲರ್ ಅಗ್ಗಕ್ಕೆ ಸಿಕ್ಕಿತು. ಹತ್ತಿಂಚು ವ್ಯಾಸ, ತೊಂಬತ್ತು ಕೆಜಿ ಇರಬಹುದು. ಬೈಕ್ ಹತ್ತಿಸಿ ಥ್ರಾಟಲ್ ಕೊಟ್ಟರೆ ಎರಡೇ ಸೆಕೆಂಡಿಗೆ ರೆಡ್‌ಲೈನ್, ಅಂದರೆ ಎಂಜಿನ್ ವೇಗದ ಮಿತಿ! ಅಷ್ಟರಲ್ಲಿ ಸೆನ್ಸರ್ ಏನು ಓದುತ್ತದೆ, ನಾನೇನು ನೋಡುತ್ತೇನೆ? ಗಟ್ಟಿ ಉರುಳೆಯಾದರೆ ಟೈರಿಗೆ ಅದರ ಅರ್ಧ ತೂಕವಷ್ಟೇ ಭಾರವಾಗಿ ಕಾಣುವುದು. ಹಾಗಾಗಿ ರಸ್ತೆಯಲ್ಲಿ ಓಡಿದಷ್ಟೇ ಭಾರ ಸಿಗಬೇಕೆಂದರೆ ಬೈಕ್ ಮತ್ತು ಸವಾರ ಸೇರಿ ಎಷ್ಟು ತೂಗುತ್ತಾರೋ ಅದರ ಎರಡರಷ್ಟು ತೂಕದ ಡ್ರಮ್ ಬೇಕು.

ಗುಜರಿಯಲ್ಲಿ ತಿಂಗಳುಗಟ್ಟಲೆ ಹುಡುಕಿದ ಮೇಲೆ 400 ಎಂಎಂ ವ್ಯಾಸದ ಗಟ್ಟಿ ಉಕ್ಕಿನ ತುಂಡು ಸಿಕ್ಕಿತು. ಒಂದಡಿ ಉದ್ದ, ಹೆಚ್ಚುಕಮ್ಮಿ 300 ಕೆಜಿ. ಕೆಜಿಗೆ ಐವತ್ತು ಚಿಲ್ಲರೆ ಅಂದರೆ ಹದಿನಾರು ಸಾವಿರದ ಹತ್ತಿರ. ಮಧ್ಯೆ 60 ಎಂಎಂ ತೂತು, ಡ್ರಮ್ ಬಿಸಿ ಮಾಡಿ ಇಎನ್8 ಉಕ್ಕಿನ ಶಾಫ್ಟ್ ಕೂರಿಸಿದ್ದು, ಎರಡು ಕಡೆ ಯುಸಿಪಿ 210 ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂತ ಸ್ಟ್ಯಾಂಡ್). ಟರ್ನಿಂಗ್ ಮಾಡಿಕೊಟ್ಟವರು ತುಂಬಾ ನೀಟಾಗಿದೆ ಅಂದರು. ತಿರುಗಿಸಿ ನೋಡಿದರೆ ನೆಲವೇ ನಡುಗಿತು. ಬೆಂಗಳೂರಿನ ಪೀಣ್ಯಕ್ಕೆ ಕಳಿಸಿ ಡೈನಾಮಿಕ್ ಬ್ಯಾಲೆನ್ಸ್ (ತಿರುಗಿಸಿ ನೋಡಿ ತೂಕ ಸಮ ಮಾಡುವುದು) ಮಾಡಿಸಿದೆ. ಸಾಗಾಟ ಸೇರಿ ಏಳೆಂಟು ಸಾವಿರ. ಇಲ್ಲಿ ಕಾಸು ಉಳಿಸಲು ಹೋಗಬೇಡಿ, ಡ್ರಮ್ ಸಾವಿರ ಆರ್‌ಪಿಎಂ ದಾಟುತ್ತದೆ. ಮೇಲೆ ದಪ್ಪ ತಗಡಿನ ಗಾರ್ಡ್, ನಿಲ್ಲಿಸುವುದಕ್ಕೆ ಹಳೇ ಓಮ್ನಿಯ ಬ್ರೇಕ್.

ಮ್ಯಾಗ್ನೆಟ್ ಹಾದಾಗ ಪಲ್ಸ್ ಕೊಡುವ ಹಾಲ್ ಸೆನ್ಸರ್, ಅದನ್ನು ಎಣಿಸುವ ಆರ್ಡುಯಿನೊ ಬೋರ್ಡ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನದ್ದು, ಸಾವಿರದೊಳಗೆ ಮುಗಿಯಿತು. ತಲೆ ತಿಂದಿದ್ದು ಸಿಡಿಐ, ಅಂದರೆ ಬೈಕಿನ ಸ್ಪಾರ್ಕ್ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಸ್ಪಾರ್ಕ್ ಬಿದ್ದಾಗಲೆಲ್ಲ ಇಲ್ಲದ ಪಲ್ಸ್ ಎಣಿಸುತ್ತಿತ್ತು, ಒಮ್ಮೊಮ್ಮೆ ಬೋರ್ಡೇ ರೀಸೆಟ್. ಗ್ರಾಫ್‌ನಲ್ಲಿ ಆರ್‌ಎಕ್ಸ್‌ಗೆ 40 ಪಿಎಸ್ (ಹಾರ್ಸ್‌ಪವರ್) ಬಂತು ನೋಡಿ! ಶೀಲ್ಡ್ ವೈರ್, ಸ್ಪಾರ್ಕ್ ಪ್ಲಗ್ಗಿಗೆ ರೆಸಿಸ್ಟರ್ ಕ್ಯಾಪ್, ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೊಕಪ್ಲರ್ ಹಾಕಿದ ಮೇಲೆ ಸರಿಹೋಯಿತು. ಪಲ್ಸ್ ಎಣಿಸಲು ಮೊದಲು ಹಾಕಿದ್ದ ಹಲ್ಲಿನ ಚಕ್ರ ಕಿತ್ತು ಬಿಸಾಕಿದೆ. ಹಲ್ಲುಗಳ ನಡುವಿನ ಅಂತರ ಕೂದಲೆಳೆಯಷ್ಟು ಆಚೀಚೆ ಆದರೂ ಗ್ರಾಫ್ ಗರಗಸವಾಗುತ್ತದೆ. ಡ್ರಮ್ ಒಂದು ಸುತ್ತು ತಿರುಗಿದರೆ ಒಂದು ಪಲ್ಸ್, ಅದಕ್ಕೆ ಒಂದೇ ಮ್ಯಾಗ್ನೆಟ್ ಸಾಕು. ಗ್ರಾಫ್ ನಯ ಮಾಡುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಡ್ರಮ್‌ನ ಇನರ್ಷಿಯಾ (ತಿರುಗಲು ಒಡ್ಡುವ ಜಡತ್ವ) ಕಾಗದದಲ್ಲಿ ಆರು ಕೆಜಿ-ಚದರ ಮೀಟರಿನ ಹತ್ತಿರ ಬಂತು. ನಂಬಿಕೆ ಸಾಲದೆ ಡ್ರಮ್‌ಗೆ ಹಗ್ಗ ಸುತ್ತಿ, 20 ಕೆಜಿ ತೂಕ ಕಟ್ಟಿ ಕೆಳಗೆ ಬಿಟ್ಟು ಟೈಮ್ ನೋಡಿದೆ. ಬೇರಿಂಗ್ ಸೀಲಿನ ಉಜ್ಜಾಟ ತಿನ್ನುವಷ್ಟನ್ನು ಕಳೆದು ನೋಡಿದರೆ ಲೆಕ್ಕ ಕೂಡಿತು.

ಈಗ ಮೂರನೇ ಗೇರಿನಲ್ಲಿ ಒಂದು ಓಟಕ್ಕೆ ಆರೇಳು ಸೆಕೆಂಡ್. ಸ್ಟಾಕ್ ಆರ್‌ಎಕ್ಸ್ 100 ಚಕ್ರದ ಹತ್ತಿರ ಎಂಟೂಮುಕ್ಕಾಲು ಪಿಎಸ್ ಕೊಟ್ಟಿತು. ಕಂಪನಿ ಹೇಳಿದ್ದು 11 ಅಲ್ವಾ ಅಂತ ಬೈಕಿನವನು ಜಗಳಕ್ಕೇ ನಿಂತ. ಅದು ಕ್ರ್ಯಾಂಕಿನ ಲೆಕ್ಕ. ಗೇರ್, ಚೈನು, ಟೈರು ತಿನ್ನುವುದಿಲ್ಲವೇ? ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿದೆ, ಗಾಳಿ ತೆಳು, ಅಲ್ಲೇ ನೂರಕ್ಕೆ ಏಳೆಂಟು ಹೋಗುತ್ತದೆ. ನನಗೆ ಆ ಅಂಕಿಗಿಂತ ಮುಖ್ಯ ಅಂದರೆ, ಅದೇ ಬೈಕ್ ಬೆಳಿಗ್ಗೆ ಸಂಜೆ ಹತ್ತಿಸಿದರೂ ವ್ಯತ್ಯಾಸ ಪಾಯಿಂಟ್ ಎರಡು (0.2) ಪಿಎಸ್ ಒಳಗೇ ಬರುತ್ತಿದೆ. ಪೋರ್ಟಿಂಗ್ ಮತ್ತು ನಾನೇ ತಗಡು ಸುತ್ತಿ ಮಾಡಿದ ಚೇಂಬರ್ (ಟೂ ಸ್ಟ್ರೋಕಿನ ಹೊಟ್ಟೆ ಉಬ್ಬಿದ ಸೈಲೆನ್ಸರ್) ಹಾಕಿದ ಮೇಲೆ ಹನ್ನೆರಡರ ಆಸುಪಾಸು.

ಸುಮ್ನೆ ಕುತೂಹಲಕ್ಕೆ ಒಂದಿಷ್ಟು ಆಟ ಆಡಿದೆ. ಹುಡುಗನೊಬ್ಬ ಎಂಟು ಸಾವಿರ ಕೊಟ್ಟು ಹಾಕಿಸಿದ್ದ ರೇಸಿಂಗ್ ಸೈಲೆನ್ಸರ್ ಮುಕ್ಕಾಲು ಪಿಎಸ್ ಕಮ್ಮಿ ಕೊಟ್ಟಿತು. ಸದ್ದು ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು. ಬೈಕನ್ನು ಡ್ರಮ್ ಮೇಲೆ ಕಟ್ಟಿಹಾಕುವ ಲಾರಿ ಬೆಲ್ಟ್ ಜಾಸ್ತಿ ಬಿಗಿದರೆ ಟೈರ್ ಅಮುಕಿ ಅರ್ಧ ಪಿಎಸ್ ಮಾಯ. ಟೈರಿನ ಗಾಳಿ ಯಾವಾಗಲೂ ಒಂದೇ ಪಿಎಸ್‌ಐ ಇಡಿ. ಬಿಡುವು ಕೊಡದೆ ಓಡಿಸಿದರೆ ಟೂ ಸ್ಟ್ರೋಕ್ ಬಿಸಿಯಾಗಿ ಪವರ್ ಇಳಿಯುತ್ತದೆ. ದೊಡ್ಡ ಫ್ಯಾನ್ ಇಟ್ಟರೂ ಐದು ನಿಮಿಷ ಕಾಯಲೇಬೇಕು. ಬೆಲ್ಟ್ ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ನನ್ನದೊಂದು ಗುರುತಿದೆ, ಬಂದವರಿಗೆ ತೋರಿಸುತ್ತೇನೆ.

ಹಾಳು ಮಾಡಿದ್ದೆಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಖರ್ಚಾಗಿದೆ. ಓಟಕ್ಕೆ ಮುನ್ನೂರು ತೆಗೆದುಕೊಳ್ಳುತ್ತೇನೆ. ಮುಂದಿನ ಸರದಿ ನಮ್ಮೂರಿನ ಫ್ಯಾಕ್ಟರಿಯದ್ದೇ ಯೆಜ್ಡಿ ರೋಡ್‌ಕಿಂಗ್. ಕಂಪನಿ ಲೆಕ್ಕ 16, ನೋಡೋಣ. ಬುಲೆಟ್ ಹತ್ತಿಸಿದರೆ ಕೆಳಗಿನ ಟಾರ್ಕಿಗೆ ಟೈರ್ ಜಾರುತ್ತಿದೆ. ಅದಕ್ಕೆ ಡ್ರಮ್ ಮೇಲೆ ಗೀರು ಹಾಕಿಸಬೇಕು. ಅಲ್ಲಿಯವರೆಗೆ ಬುಲೆಟ್‌ನವರು ಸವೆದ ಟೈರಿನಲ್ಲಿ ಬರಬೇಡಿ.