ಮನೆಮಂದಿ ಜೊತೆ ಎರಡು ದಿನ: ಐಹೊಳೆ ಮೊದಲು, ಬಾದಾಮಿ ಆಮೇಲೆ

ನಮ್ಮ ಹುಬ್ಬಳ್ಳಿಯಿಂದ ಹೊರಟವರು ಸಾಮಾನ್ಯವಾಗಿ ಮೊದಲು ಬಾದಾಮಿ ಗುಹೆ ಹತ್ತುತ್ತಾರೆ. ದಾರಿಯಲ್ಲಿ ಮೊದಲು ಸಿಗೋದು ಅದೇ ಅಲ್ವಾ? ಮಕ್ಕಳಿದ್ದರೆ ಹಾಗೆ ಮಾಡಬೇಡಿ. ಶನಿವಾರ ಬೆಳಿಗ್ಗೆ ಬೇಗ ಹೊರಡಿ. ಬಾದಾಮಿಯ ಲಾಡ್ಜಿನಲ್ಲಿ ಬ್ಯಾಗ್ ಇಟ್ಟು ನೇರ ಐಹೊಳೆಗೆ ಹೋಗಿ, ಸುಮಾರು 35 ಕಿ.ಮೀ. ವಾಪಸ್ ಬರುವಾಗ ಪಟ್ಟದಕಲ್ಲು. ಭಾನುವಾರ ಬಾದಾಮಿ.

ಚಾಲುಕ್ಯರ ಕಾಲದ ಶಿಲ್ಪಿಗಳು ಬಗೆಬಗೆಯಾಗಿ ಗುಡಿ ಕಟ್ಟಿ ನೋಡಿದ ಊರು ಐಹೊಳೆ. ಅದನ್ನು ನೋಡಿಕೊಂಡು ಪಟ್ಟದಕಲ್ಲಿಗೆ ಬಂದರೆ ಕೈ ಎಷ್ಟು ಪಳಗಿದೆ ಅಂತ ಮಕ್ಕಳಿಗೇ ಗೊತ್ತಾಗುತ್ತದೆ. ಐಹೊಳೆಯ ಎಲ್ಲ ಗುಡಿ ನೋಡುತ್ತೇನೆ ಅಂತ ಹೊರಡಬೇಡಿ, ನೂರಕ್ಕೂ ಜಾಸ್ತಿ ಇವೆ. ಹಿಂಭಾಗ ದುಂಡಗಿರುವ ದುರ್ಗ ಗುಡಿ, ಲಾಡಖಾನ್ ಗುಡಿ, ರಾವಣ ಫಡಿ ಗುಹೆ ಸಾಕು. ಲಾಡಖಾನ್ ಗುಡಿಯ ಮಾಳಿಗೆ ಕಡೆ ಕೈ ತೋರಿಸಿ. ಚಪ್ಪಡಿಗಳು ಸೇರುವಲ್ಲಿ ಮರದ ತೊಲೆಯಂಥ ಉದ್ದನೆ ಕಲ್ಲು ಕೂರಿಸಿದ್ದಾರೆ. ಪಾಠದಲ್ಲಿ ಇಮ್ಮಡಿ ಪುಲಕೇಶಿಯನ್ನು ಓದಿದ ಮಕ್ಕಳಿದ್ದರೆ ಮೇಗುತಿ ಗುಡ್ಡವನ್ನೂ ಹತ್ತಿಸಿ. ಅವನು ಹರ್ಷನನ್ನು ಸೋಲಿಸಿದ್ದನ್ನು ಆಸ್ಥಾನ ಕವಿ ರವಿಕೀರ್ತಿ ಬರೆದ 634ರ ಶಾಸನ ಅಲ್ಲೇ ಇದೆ. ನಮ್ಮತ್ತೆಗೆ ಮೊಣಕಾಲು ನೋವು, ಅವರು ಕೆಳಗೆ ನೆರಳಲ್ಲಿ ಕೂರುತ್ತಾರೆ. ಜೊತೆಗೆ ಒಬ್ಬರು ಇರಲಿ.

ಪಟ್ಟದಕಲ್ಲಿಗೆ ಮೂರು ಗಂಟೆಯೊಳಗೆ ತಲುಪಿ, ಅಲ್ಲಿ ನಿಧಾನವಾಗಿ ನೋಡಬೇಕು. ಗಳಗನಾಥದ ಬಾಗಿದ ಶಿಖರ ಉತ್ತರದ ರೀತಿ, ವಿರೂಪಾಕ್ಷದ ಮೆಟ್ಟಿಲು ಮೆಟ್ಟಿಲಾದ ಶಿಖರ ದಕ್ಷಿಣದ್ದು. ಎರಡೂ ಒಂದೇ ಅಂಗಳದಲ್ಲಿವೆ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ವಿರೂಪಾಕ್ಷ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಇದನ್ನು ಹೆಣ್ಣುಮಕ್ಕಳಿಗೆ ಅಲ್ಲೇ ನಿಂತು ಹೇಳಿ. ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಕಥೆಗಳಿವೆ. ಅಜ್ಜಿ ಕಥೆ ಹೇಳಲಿ, ಮೊಮ್ಮಕ್ಕಳು ಕಂಬದಲ್ಲಿ ಹುಡುಕಲಿ. ನಮ್ಮ ಮನೆಯವರಿಗೆ ಇದಕ್ಕಿಂತ ಒಳ್ಳೆ ಗೈಡ್ ಸಿಕ್ಕಿಲ್ಲ.

ಭಾನುವಾರ ಬಿಸಿಲೇರುವ ಮುಂಚೆ ಗುಹೆ ಹತ್ತಿ. ಮಂಗಗಳು ಜಾಸ್ತಿ. ಬಿಸ್ಕೆಟ್, ಬಾಳೆಹಣ್ಣು ಕೈಯಲ್ಲಿ ಕಾಣಲೇಬಾರದು. ಮೊದಲ ಗುಹೆಯ ನಟರಾಜನ 18 ಕೈಗಳನ್ನು ಮಕ್ಕಳು ಎಣಿಸಲಿ. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಕೊರೆಸಿದ, 578ರ ಶಾಸನವಿರುವ ಮೂರನೇ ಗುಹೆಗೆ ಜಾಸ್ತಿ ಹೊತ್ತು ಕೊಡಿ. ಮೆಟ್ಟಿಲು ಹತ್ತಲಾಗದ ಹಿರಿಯರನ್ನು ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಗೆ ಕರೆದುಕೊಂಡು ಹೋಗಬಹುದು.

ಮಧ್ಯಾಹ್ನ ಐದು ಕಿ.ಮೀ. ದೂರದ ಬನಶಂಕರಿ. ದರ್ಶನ ಮುಗಿಸಿ, ಬುಟ್ಟಿ ಹೊತ್ತು ಬರುವ ಅಕ್ಕಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು ಹಾಕಿಸಿಕೊಂಡು ಊಟ ಮಾಡಿ. ಹೋಟೆಲ್ ಹುಡುಕಬೇಡಿ, ಚಿಲ್ಲರೆ ಇಟ್ಟುಕೊಂಡಿರಿ. ಮೂರು ಗಂಟೆಗೆ ಹೊರಟರೆ ಕತ್ತಲಾಗುವ ಮುಂಚೆ ಹುಬ್ಬಳ್ಳಿ ಸೇರಬಹುದು.