ಮಧ್ಯಾಹ್ನ ಮಾತ್ರ ಕೈಕೊಡುತ್ತಿದ್ದ ಫೈಬರ್ ಸರಿಯಾಗಿದ್ದು ಹೀಗೆ

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಏಪ್ರಿಲ್ ಬಿಸಿಲು ಏರಿದರೆ ಇಂಟರ್‌ನೆಟ್ ಕಟ್. ಮೋಡೆಮ್‌ನಲ್ಲಿ ಎಲ್‌ಒಎಸ್ (ಸಿಗ್ನಲ್ ಇಲ್ಲ ಅಂತ ಹೇಳುವ) ದೀಪ ಕೆಂಪಗೆ ಮಿನುಗುತ್ತಿತ್ತು. ಸಂಜೆ ತಾನಾಗೇ ಸರಿ. ಮಳೆ ಸುರಿದ ದಿನ ತೊಂದರೆಯೇ ಇಲ್ಲ.

ರೀಸ್ಟಾರ್ಟ್, ಹೊಸ ಅಡಾಪ್ಟರ್, ಫ್ಯಾನ್ ಗಾಳಿ, ಬೇರೆ ಮೋಡೆಮ್, ಯಾವುದೂ ಕೆಲಸಕ್ಕೆ ಬರಲಿಲ್ಲ. ಡಿಎನ್‌ಎಸ್ (ವೆಬ್‌ಸೈಟ್ ವಿಳಾಸ ಹುಡುಕುವ ಸೆಟ್ಟಿಂಗ್) ಬದಲಿಸೋದು ಸುಮ್ನೆ ದಂಡ. ಕೆಂಪು ದೀಪ ಅಂದರೆ ಫೈಬರ್ ಕೇಬಲ್‌ನಲ್ಲಿ ಸಿಗ್ನಲ್ ಹೊತ್ತು ತರುವ ಬೆಳಕೇ ಸರಿಯಾಗಿ ಬರ್ತಿಲ್ಲ ಅಂತ ಅಲ್ವಾ.

ದಾರಿ ಸಿಕ್ಕಿದ್ದು ಆರ್‌ಎಕ್ಸ್ ಪವರ್, ಅಂದರೆ ಮೋಡೆಮ್‌ಗೆ ತಲುಪುವ ಬೆಳಕಿನ ಬಲ, ನೋಡಿದಾಗ. ಬ್ರೌಸರ್‌ನಲ್ಲಿ 192.168.1.1 ತೆರೆದು (ಕೆಲವಕ್ಕೆ ಬೇರೆ ವಿಳಾಸ, ಮೋಡೆಮ್ ಅಡಿಯ ಸ್ಟಿಕ್ಕರ್ ನೋಡಿ) ಸ್ಟೇಟಸ್, ಆಮೇಲೆ ಪಾನ್ (PON) ಅನ್ನೋ ಮೆನು ಒತ್ತಿ. ಬೆಳಿಗ್ಗೆ ಮೈನಸ್ 21 ಡಿಬಿಎಂ ಇದ್ದದ್ದು ಮಧ್ಯಾಹ್ನ ಮೈನಸ್ 28. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಮೈನಸ್ 27 ದಾಟಿದರೆ ಸಾಮಾನ್ಯ ಮೋಡೆಮ್‌ಗೆ ಕಷ್ಟ. ಎರಡರ ಫೋಟೊ ತೋರಿಸಿದ ಮೇಲೆ ಲೈನ್‌ಮನ್ ಮೋಡೆಮ್ ಬಿಟ್ಟು ಕೇಬಲ್ ಹಿಡಿದು ಹೊರಟರು.

ತಗಡಿನ ಸೂರಿಗೆ ಅಂಟಿಕೊಂಡಂತೆ ಜಾಯಿಂಟ್ ಬಾಕ್ಸ್. ಒಳಗೆ ಕೈಯಲ್ಲೇ ಒತ್ತಿ ಕೂರಿಸಿದ ಫಾಸ್ಟ್ ಕನೆಕ್ಟರ್. ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿ ಒಳಗಿನ ಗಾಜಿನ ಎಳೆ ಸರಿಯುತ್ತಿತ್ತು. ಮೊದಲು ಬಾಕ್ಸನ್ನು ಮಧ್ಯಾಹ್ನ ನೆರಳು ಬೀಳುವ ಪೂರ್ವದ ಗೋಡೆಗೆ ತಂದೆವು. ಆಮೇಲೆ ಕನೆಕ್ಟರ್ ಕತ್ತರಿಸಿ ಫ್ಯೂಷನ್ ಸ್ಪ್ಲೈಸ್ (ಎಳೆಯ ತುದಿಗಳನ್ನು ಕರಗಿಸಿ ಬೆಸೆಯೋದು), ಅದರ ಮೇಲೆ ರಕ್ಷಣೆಗೆ ಸ್ಲೀವ್. ಉಳಿದ ಕೇಬಲ್ ಸುತ್ತು 6 ಸೆಂ.ಮೀ.ಗಿಂತ ಅಗಲ ಇರಲಿ, ಟೈ ಬಿಗಿಯಬೇಡಿ. ಕೊನೆಗೆ ಮೋಡೆಮ್‌ನ ಹಸಿರು ಕನೆಕ್ಟರ್ ತುದಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ್ದು. ಆ ತುದಿಗೆ ಕಣ್ಣಿಟ್ಟು ನೋಡಬೇಡಿ. ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯ.

ಈಗ ಉರಿಬಿಸಿಲಲ್ಲೂ ಮೈನಸ್ 20.